ಕುರನೂರಿಗೆ ಹೋದ ಇನ್ಸುಲಿನ್ ಗಡಿಗೆ

ನನಗೆ ಮೊದಲು ಬಂದದ್ದು ಬಾಯಾರಿಕೆ.

ಏಪ್ರಿಲ್ ತಿಂಗಳಲ್ಲಿ ಸೋಲಾಪುರದಲ್ಲಿ ಯಾರಿಗೆ ಬಾಯಾರಿಕೆ ಆಗುವುದಿಲ್ಲ ಹೇಳಿ? ನಾನು ಕೆಲಸ ಮಾಡುವ ಟವೆಲ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಎಲ್ಲರ ಬಾಯಿಗೂ ಬಾಟಲಿ ಅಂಟಿಕೊಂಡೇ ಇರುತ್ತದೆ. ನಾನೂ ಕುಡಿದೆ. ಕುಡಿದಷ್ಟೂ ಬೇಕೆನಿಸಿತು. ಮೈ ಇಳಿಯಿತು. ಏನು ಉಪವಾಸ ಹಿಡಿದಿದ್ದೀ ಎಂದು ಗೆಳತಿಯರು ಕೇಳಿದಾಗ ಒಳಗೊಳಗೇ ಹಿಗ್ಗಿದೆ ಕೂಡ. ಟ್ರಂಕಿನ ತಳದಲ್ಲಿದ್ದ ಹಳೆಯ ಜಂಪರುಗಳು ಒಂದೊಂದಾಗಿ ಮೈಗೆ ಹಿಡಿಸತೊಡಗಿದ್ದವು. ಆಮೇಲೆ ಒಂದು ದಿನ ಟವೆಲ್ ಮಡಚುತ್ತಿರುವಾಗಲೇ ಕಣ್ಣಿಗೆ ಕತ್ತಲೆ ಕಟ್ಟಿತು.

ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್ ಮಾಡಿದರು. ರಿಪೋರ್ಟ್ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶುಗರ್ ಬಹಳ ಏರಿದೆ, ಬರೀ ಮಾತ್ರೆಯಿಂದ ಆಗುವುದಿಲ್ಲ ಎಂದರು.

ಇನ್ಸುಲಿನ್. ದಿನವೂ. ಊಟಕ್ಕೆ ಮುಂಚೆ.

ಸೂಜಿಯ ಭಯ ಒಂದು ವಾರದಲ್ಲಿ ಹೋಯಿತು. ಸೂಜಿ ಸಣ್ಣದು, ಹೊಟ್ಟೆ ದೊಡ್ಡದು. ಹೋಗದಿದ್ದದ್ದು ಬಿಸಿಲಿನ ಭಯ. ಅದನ್ನು ಹುಟ್ಟಿಸಿದವರು ಡಾಕ್ಟರಮ್ಮನೇ.

"ಈ ಔಷಧ ಬಿಸಿಲಿಗೆ ಕೆಡತೈತ್ರಿ. ಐಸಿನ್ಯಾಗ ಇಟ್ಟರೂ ಕೆಡತೈತಿ. ಹಾಲು ಕೆಟ್ಟರ ವಾಸನಿ ಬರತೈತಿ, ಇದು ಕೆಟ್ಟರ ಎಷ್ಟೋ ಸಲ ನೋಡಿದರೂ ಗೊತ್ತಾಗೂದಿಲ್ಲ. ಶುಗರ್ ಏರಿದ ಮ್ಯಾಲಽ ಗೊತ್ತು."

ನನ್ನ ಗಂಡ ಸಿದ್ರಾಮ ಮೊದಲೇ ಎರಡೆರಡು ಸಲ ಬೀಗ ಜಗ್ಗಿ ನೋಡುವ ಮನುಷ್ಯ. ಈ ಮಾತು ಕೇಳಿದ ಮೇಲೆ ನಮ್ಮ ಮನೆಯ ಫ್ರಿಜ್ಜಿಗೆ ಮಡಿ ಬಂತು. ಮೊಸರು ಬೇಕೆಂದರೂ ಅಪ್ಪಣೆ ಕೇಳಬೇಕು. ಬಾಗಿಲು ತೆರೆದು ಎರಡು ಕ್ಷಣ ನಿಂತರೆ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ನಾನು ಜಗಳಾಡಿದೆ, ನಕ್ಕೆ, ಮತ್ತೆ ಜಗಳಾಡಿದೆ. ಆದರೆ ಕಾರ್ಖಾನೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾರ್ಖಾನೆ ಎಂಬಂತಾಯಿತು ನನ್ನ ಬದುಕು. ಇನ್ನು ಮೇಲೆ ಫ್ರಿಜ್ಜಿನ ವಯರು ಎಷ್ಟು ಉದ್ದವೋ ಅಷ್ಟೇ ನನ್ನ ಲೋಕ ಎಂದು ಒಂದೊಂದು ಸಂಜೆ ಅನಿಸುತ್ತಿತ್ತು.

ಅಂಥದ್ದರಲ್ಲಿ ಕುರನೂರಿನಿಂದ ತಮ್ಮ ಬೀರಣ್ಣನ ಫೋನು. ಅವನ ಮೊದಲ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿತ್ತು. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಆ ಕೂಸಿಗೆ ಇರುವುದು ನಾನೊಬ್ಬಳೇ ಅತ್ತೆ.

ಸಿದ್ರಾಮ ಬೇಡ ಎಂದ. ಮೇ ತಿಂಗಳು, ಎರಡು ಬಸ್ಸು, ಮೇಲಿಂದ ಮೇಲೆ ಕರೆಂಟು ಹೋಗುವ ಊರು. ಬೀರಣ್ಣನ ಮನೆಯ ಫ್ರಿಜ್ಜು ಅರ್ಧ ದಿನ ಕಪಾಟಿನ ಕೆಲಸವನ್ನೇ ಮಾಡುತ್ತದೆ ಎಂಬುದು ಅವನಿಗೂ ಗೊತ್ತು. ಹೆಸರನ್ನು ಫೋನಿನಲ್ಲಿ ಹೇಳಿದರಾಯಿತು ಎಂದ. ಕೂಸಿನ ಕಿವಿಗೆ ಫೋನು! ನಾನು ಆ ದಿನ ಅವನ ಜೊತೆ ಮಾತೇ ಆಡಲಿಲ್ಲ. ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನಕ್ಕು, ಫ್ರಿಜ್ ಇಲ್ಲದ ಕಡೆ ಮಣ್ಣಿನ ಗಡಿಗೆ ಇದೆಯಲ್ಲ ಎಂದರು. ಗಡಿಗೆಯಲ್ಲಿ ನೀರು, ನೀರಿನಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಇನ್ಸುಲಿನ್ ಪೆನ್ನು, ಗಡಿಗೆಯ ಬಾಯಿಗೆ ಒದ್ದೆ ಬಟ್ಟೆ. ಬಟ್ಟೆ ಒಣಗಬಾರದು, ನೀರು ಹಳೆಯದಾಗಬಾರದು, ನೆರಳು ಬಿಡಬಾರದು.

ಸಿದ್ರಾಮನೇ ಕುಂಬಾರರಲ್ಲಿಗೆ ಹೋಗಿ ಚಿಕ್ಕ ಗಡಿಗೆ ತಂದ. ಸೋತದ್ದನ್ನು ಒಪ್ಪಿಕೊಳ್ಳುವ ಅವನ ರೀತಿ ಅದು.

ಬಸ್ಸಿನಲ್ಲಿ ಗಡಿಗೆ ನನ್ನ ತೊಡೆಯ ಮೇಲೆ. ಕಿಟಕಿಯ ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವಂಥ ಬಿಸಿಲು. ನಾನು ಬಟ್ಟೆಗೆ ನೀರು ಚಿಮುಕಿಸುತ್ತ ಕೂತೆ. ಮಂಡಿಯೆಲ್ಲ ಒದ್ದೆ. ಸಿದ್ರಾಮನ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಗಡಿಗೆ ಹೇಗಿದೆ ಎಂದು ಕೇಳುತ್ತಿದ್ದನೇ ಹೊರತು ನಾನು ಹೇಗಿದ್ದೇನೆ ಎಂದಲ್ಲ. ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ, ಗುಡಿಯ ದಿಕ್ಕಿಗೆ ನಿಂತಲ್ಲಿಂದಲೇ ಕೈ ಮುಗಿದು ಕುರನೂರಿನ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಜ್ಜಿ ಗಡಿಗೆ ಮುಟ್ಟಿ ಹಣೆಗೆ ಕೈ ಹಚ್ಚಿಕೊಂಡಳು. ಪಾಪ, ಸೆಕೆಗೆ ತಂಪು ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಮನೆಯ ಹೊಸ್ತಿಲಲ್ಲಿ ದೊಡ್ಡವ್ವ ತಂಬಿಗೆ ಹಿಡಿದು ನಿಂತಿದ್ದಳು. ಅವ್ವ ಹೋದ ಮೇಲೆ ನನ್ನನ್ನೂ ಬೀರಣ್ಣನನ್ನೂ ಬೆಳೆಸಿದವಳು ಅವಳೇ. ಕುರಿಯ ಹಿಂಡು ಎಂದೋ ಬೀರಣ್ಣನ ಕೈಗೆ ಹೋದರೂ ಮನೆಯ ಕಾರಭಾರ ಇನ್ನೂ ಅವಳದೇ. ನನ್ನ ಕಾಲಿಗೆ ನೀರು ಹಾಕಿ, ಕೈಯಲ್ಲಿದ್ದ ಗಡಿಗೆಯನ್ನು ಎರಡೂ ಕೈಯಿಂದ ಇಸಿದುಕೊಂಡಳು. ಬೀರಣ್ಣ ಎಲ್ಲ ಹೇಳಿರಬೇಕು, ಎಷ್ಟು ಜೋಪಾನ ನೋಡು ಎಂದು ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ನನ್ನನ್ನು ತೊಟ್ಟಿಲ ಹತ್ತಿರ ಎಳೆದುಕೊಂಡು ಹೋದರು.

ಕೂಸು ಎಂದರೆ ಕೂಸು. ಕೆಂಪಗೆ, ಸಿಟ್ಟಿನಿಂದ, ಥೇಟ್ ದೊಡ್ಡವ್ವನ ಮೂಗು. ಬೀರಣ್ಣ ಆರಿಸಿದ ಹೆಸರನ್ನು ಅದರ ಕಿವಿಯಲ್ಲಿ ಹೇಳಿದೆ: ಸ್ವರಾ. ಅದು ಆಕಳಿಸಿತು. ಹೆಂಗಸರು ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿದರು. ನಾನು ಬದುಕಿದ್ದೇನೆ ಎಂದು ಎಷ್ಟೋ ದಿನದ ಮೇಲೆ ಅನಿಸಿತು.

ಊಟಕ್ಕೆ ಪಂಕ್ತಿ ಕೂತಿತು. ಹೋಳಿಗೆಯ ವಾಸನೆ. ನಾನು ಎದ್ದು ದೊಡ್ಡವ್ವನ ಹತ್ತಿರ ಗಡಿಗೆ ಕೇಳಿದೆ.

"ತೀರ್ಥ ಆಗಲೇ ಎಲ್ಲಾರಿಗೂ ಕೊಟ್ಟೀನಲ್ಲ," ಎಂದಳು.

ತೀರ್ಥ? ಯಾವ ತೀರ್ಥ?

ನಮ್ಮ ಕಡೆ ಅಕ್ಕಲಕೋಟೆಯ ಮೇಲೆ ಹಾಯ್ದು ಬಂದವರು ಬರಿಗೈಯಲ್ಲಿ ಬರುವುದಿಲ್ಲ. ತೀರ್ಥ ತರುತ್ತಾರೆ, ಇಲ್ಲವೇ ಗುಡಿಯ ಬೂದಿ, ಅಂಗಾರ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ ಹೊಸ ಗಡಿಗೆ ಹಿಡಿದು ಬಂದ ಸೋದರತ್ತೆಯ ಕೈಯಲ್ಲಿ ಇನ್ನೇನಿರುತ್ತದೆ? ಬೀರಣ್ಣ ಗಡಿಬಿಡಿಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಬಸ್ಸಿನ ಅಜ್ಜಿ ಯಾಕೆ ಹಣೆ ಮುಟ್ಟಿಕೊಂಡಳೆಂಬುದು ನನಗೆ ಆಗ ಹೊಳೆಯಿತು.

ದೇವರ ಕೋಣೆಗೆ ಓಡಿದೆ. ಮನೆದೇವರು ಬೀರೋಬನ ಮುಂದೆ ನನ್ನ ಗಡಿಗೆ ಮೈತುಂಬ ಅರಿಶಿನದ ಭಂಡಾರ ಬಳಿದುಕೊಂಡು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಕೂತಿತ್ತು. ಗೇಣು ದೂರದಲ್ಲಿ ದೀಪದ ಸಮೆ ಉರಿಯುತ್ತಿತ್ತು, ಐದೂ ಬತ್ತಿ ಹಚ್ಚಿದ್ದರು. ಇಬ್ಬರು ಹೆಂಗಸರು ಇನ್ನೊಮ್ಮೆ ಬೇಕೆಂದು ಅಂಗೈ ಒಡ್ಡಿ ನಿಂತಿದ್ದರು. ದೊಡ್ಡವ್ವ ಉದ್ಧರಣೆ ಹಿಡಿದೇ ನನ್ನ ಹಿಂದೆ ಬಂದಳು.

"ದೊಡ್ಡವ್ವಾ, ಇದು ತೀರ್ಥ ಅಲ್ಲ. ನನ್ನ ಔಷಧ ಐತಿ ಇದರಾಗ. ದೀಪದ ಬಾಜೂಕ ಇಟ್ಟಿಯಲ್ಲ!"

ಎರಡು ಸಲ ತೀರ್ಥ ತೆಗೆದುಕೊಂಡಿದ್ದ ಪಕ್ಕದ ಮನೆಯಾಕೆ, ಹಾಗಾದರೆ ನನ್ನ ಶುಗರೂ ಇಳಿಯುತ್ತದೇನೋ ಎಂದು ಕೇಳಿದಳು. ಯಾರೋ ಕಿಸಕ್ಕೆಂದರು. ದೊಡ್ಡವ್ವ ನಗಲಿಲ್ಲ. ಕೈಯಲ್ಲಿದ್ದ ಉದ್ಧರಣೆಯನ್ನು ಕೆಳಗಿಟ್ಟಳು. ನಾನು ಗದರಿಸಿದ್ದಕ್ಕೆ ನನಗೇ ಕೆಟ್ಟದೆನಿಸಿತು.

"ನಿನ್ನ ಜೀವ ಇದರಾಗ ಐತೇನು?"

ಹೌದೆಂದೆ.

"ಹಂಗಾರ ದೇವರ ಮುಂದ ಇಡದ ಮತ್ತ ಎಲ್ಲಿ ಇಡಬೇಕಿತ್ತ, ಪೋರಿ?"

ಗಡಿಗೆಗೆ ಕೈ ಹಾಕಿ ಡಬ್ಬಿ ತೆಗೆದೆ. ಪ್ರಸಾದ ಇರಬೇಕು, ತಂದವಳೇ ಹಂಚಲಿ ಎಂದು ಅದನ್ನು ಯಾರೂ ತೆರೆದಿರಲಿಲ್ಲ. ಕೆನ್ನೆಗೆ ಒತ್ತಿ ನೋಡಿದೆ.

ತಣ್ಣಗಿತ್ತು.

ಕೇಳಿದಾಗ ಗೊತ್ತಾಯಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಮುಟ್ಟುವ ತನಕ ತೀರ್ಥ ತೀರಬಾರದು, ಅದರ ಬಟ್ಟೆಯೂ ಒಣಗಬಾರದು. ಗಡಿಗೆ ತಳ ಕಂಡಾಗಲೆಲ್ಲ ದೊಡ್ಡವ್ವ ಒಳಗಿನ ಹರವಿಯಿಂದ ತಣ್ಣೀರು ತಂದು ತುಂಬಿದ್ದಳು, ಬಟ್ಟೆಯನ್ನು ತೋಯಿಸುತ್ತಲೇ ಇದ್ದಳು. ಬಸ್ಸಿನಲ್ಲಿ ನಾನು ಮಾಡಿದ್ದಕ್ಕಿಂತ ಹೆಚ್ಚಿನ ಉಪಚಾರ ಅದು.

ಆದರೂ ಅನುಮಾನ ಹೋಗಲಿಲ್ಲ. ಔಷಧ ಕೆಟ್ಟರೆ ನೋಡಿದರೆ ಗೊತ್ತಾಗುವುದಿಲ್ಲವಲ್ಲ. ಅಲ್ಲೇ ಗೋಡೆಗೆ ಮುಖ ಮಾಡಿದೆ. ದೊಡ್ಡವ್ವ ತನ್ನ ಸೆರಗನ್ನು ಪರದೆಯಂತೆ ಹಿಡಿದಳು. ಹೊಟ್ಟೆಗೆ ಚುಚ್ಚಿಕೊಂಡೆ.

"ನೋವಾಗತೈತೇನು?"

"ಇಲ್ಲ."

"ಮತ್ತ ಯಾಕ ಅಳಾಕತ್ತಿ?"

ಸುಮ್ಮನೆ, ಎಂದೆ. ಅರ್ಧ ಹೋಳಿಗೆ ತಿಂದೆ. ಆಮೇಲೆ ಕಾಯುವುದು. ಎರಡು ಗಂಟೆ ಕಳೆದ ಮೇಲೆ ಗ್ಲೂಕೋಮೀಟರ್ ತೆಗೆದಾಗ ಇಡೀ ಮನೆ ನನ್ನ ಬೆರಳಿನ ಸುತ್ತ ಸೇರಿತ್ತು. ಚುನಾವಣೆಯ ಫಲಿತಾಂಶಕ್ಕೂ ಬೀರಣ್ಣ ಅಷ್ಟು ಬಗ್ಗಿ ನೋಡಿದವನಲ್ಲ. ಅಂಕಿ ಬಂತು. ಡಾಕ್ಟರಮ್ಮ ಹೇಳಿದ್ದ ಮಿತಿಯೊಳಗೇ ಇತ್ತು. ಔಷಧ ಕೆಟ್ಟಿರಲಿಲ್ಲ. ಸಿದ್ರಾಮನಿಗೆ ಫೋನು ಮಾಡಿದೆ. ಗಡಿಗೆಗೆ ಮಾಲೆ ಹಾಕಿದ್ದನ್ನು ಹೇಳಿದಾಗ ಅವನು ನಕ್ಕ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕಾಯಿಲೆ ಬಂದ ಮೇಲೆ ಅವನು ಹಾಗೆ ನಕ್ಕಿರಲಿಲ್ಲ.

ಮರುದಿನ ಹೊರಡುವಾಗ ದೊಡ್ಡವ್ವ ನನ್ನ ಗಡಿಗೆ ಕೊಡಲಿಲ್ಲ. ದೇವರ ಮುಂದೆ ಕೂತದ್ದನ್ನು ಎಬ್ಬಿಸಬಾರದಂತೆ. ಬೇರೊಂದು ಗಡಿಗೆಗೆ ತಾನೇ ನೀರು ತುಂಬಿ, ಬಟ್ಟೆ ಕಟ್ಟಿ, ಬಸ್ಸಿನವರೆಗೂ ಹೊತ್ತು ತಂದಳು.

ಈಗ ನಾನು ಚೆನ್ನಾಗಿದ್ದೇನೆ. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಒಂದೊಂದು ದಿನ ಅಂಕಿ ಏರುತ್ತದೆ, ಸಿದ್ರಾಮ ಕೆಮ್ಮುತ್ತಾನೆ. ಆದರೆ ಫ್ರಿಜ್ಜಿನ ವಯರಿನ ಆಚೆಗೂ ನನಗೆ ಊರಿದೆ. ನಿನ್ನೆ ದೊಡ್ಡವ್ವನ ಫೋನು ಬಂದಿತ್ತು. ಕೂಸು ಮಗ್ಗಲು ಹೊರಳಿತಂತೆ. ಇಡುವ ಮೊದಲು ಇಷ್ಟು ಹೇಳಿದಳು:

"ನಿನ್ನ ಗಡಗಿ ದೇವರ ಮುಂದ ಹಂಗಽ ಐತಿ. ಬಟ್ಟಿ ಒಣಗಾಕ ಬಿಟ್ಟಿಲ್ಲ. ಯಾವಾಗ ಬರ್ತಿ?"