ಆರು ಸೀತಾಫಲದ ಗಿಡ, ಒಂದು ನೂಲಿನ ದಾರ

ಒಂದು ದಾರ ಕಟ್ಟಿದ್ದಕ್ಕೆ ನಾನು ಇತ್ತೀಚೆಗೆ ಚೆನ್ನಾಗಿ ಬೈಸಿಕೊಂಡೆ. ಹಗ್ಗವಲ್ಲ, ತಂತಿಯಲ್ಲ. ಬರೀ ನೂಲಿನ ದಾರ.

ಬೈದವರು ಬೀರಮ್ಮ. ಮಕ್ತಲ್‌ನಿಂದ ನಾರಾಯಣಪೇಟೆ ಕಡೆ ಹೋಗುವಾಗ ಸಿಗುವ ಕುರುಚಲು ಕಾಡಿನ ಪಕ್ಕದಲ್ಲಿ ಅವರ ಹೊಲ. ಕುರಿ ಸಾಕುವ ಮನೆತನ. ಹೊಲ ಮುಗಿದು ಕಾಡು ಶುರುವಾಗುವ ಅಂಚಿನಲ್ಲಿ ಆರು ಸೀತಾಫಲದ ಗಿಡಗಳಿವೆ. ಯಾರೂ ನೆಟ್ಟದ್ದಲ್ಲ. ಕೀಳುವವರು, ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟು ಮಾರುವವರು ಬೀರಮ್ಮನೇ. ನಾನು ಭಾನುವಾರಗಳಲ್ಲಿ ಅಲ್ಲಿಗೆ ಹೋಗಿ ಹುಳುಗಳ ಫೋಟೊ ತೆಗೆಯುತ್ತೇನೆ. (ಈ ವಯಸ್ಸಿಗೆ ಬೇರೆ ಚಟ ಸಿಗಲಿಲ್ಲವೇ ಎಂದು ಹೆಂಡತಿ ಕೇಳುತ್ತಾಳೆ. ಸಿಗಲಿಲ್ಲ.)

ಆ ಗಿಡಗಳ ವಿಷಯದಲ್ಲಿ ಬೀರಮ್ಮನಿಗೂ ಗಂಡ ಮಾಳಪ್ಪನಿಗೂ ಒಂದು ಕರಾರು. ಹೋದ ವರ್ಷ ಹಣ್ಣಿನ ಮೇಲೆ ಬಿಳಿ ಹುಳು ಕೂತಾಗ ಮಾಳಪ್ಪ ಹತ್ತಿಗೆ ತಂದಿದ್ದ ಮಂದು ಹೊಡೆದಿದ್ದರು. ಕೀಟನಾಶಕವನ್ನು ಈ ತೆಲುಗು ಸೀಮೆಯಲ್ಲಿ ಕನ್ನಡದವರೂ ಮಂದು ಎಂದೇ ಕರೆಯುವುದು. ಉದುರಿದ ಎಲೆ ತಿಂದು ಎರಡು ಕುರಿಮರಿ ಸತ್ತವು. ಈ ವರ್ಷ ಮಂದು ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದರು ಬೀರಮ್ಮ. ಆಗಲಿ, ಆದರೆ ಬಿಳಿ ಕಂಡ ದಿನ ಮಂದು ಹೊಡೆಯುವ ಪಂಪನ್ನು ಅಟ್ಟದಿಂದ ಇಳಿಸುತ್ತೇನೆ ಎಂದರು ಮಾಳಪ್ಪ.

ಆರೂ ಗಿಡಗಳ ಕಾಂಡಕ್ಕೆ ಕರಿ ಉಣ್ಣೆಯ ಪಟ್ಟಿ ಸುತ್ತಿತ್ತು. ಕುರಿ ಸಾಕುವವರ ದೇವರು ಬೀರಪ್ಪನ ಹರಕೆ ಇರಬೇಕು ಎಂದುಕೊಂಡೆ. ನೋಟ್‌ಬುಕ್ಕಿನಲ್ಲಿ ‘ನಂಬಿಕೆ’ ಎಂದು ಬರೆದೂಬಿಟ್ಟೆ. ಮುಟ್ಟಿದರೆ ಕೈಗೆ ಔಡಲೆಣ್ಣೆಯ ಜಿಡ್ಡು. ದೇವರಿಗೆ ಔಡಲೆಣ್ಣೆ ಯಾಕೆ ಎಂದು ಕೇಳಬಹುದಿತ್ತು. ಯಾಕೆ ಕೇಳಲಿಲ್ಲ? ಉತ್ತರ ಬರೆದಾಗಿತ್ತಲ್ಲ!

ಅಷ್ಟರಲ್ಲಿ ಗದ್ವಾಲದಿಂದ ಮೂವರು ಮೇಷ್ಟ್ರು ನನ್ನ ಹುಳುಗಳನ್ನು ನೋಡಲು ಬರುತ್ತೇವೆ ಎಂದರು. ನನಗೆ ಉಮೇದು. ದುಂಬಿಗಳ ಗಣ, ತಿಗಣೆಗಳ ಗಣ, ಕಣಜಗಳ ಗಣ ಎಂದು ವಿಂಗಡಿಸಿ ಚೀಟಿ ಬರೆದೆ. ಬೇಲಿಯ ಗೂಟದಿಂದ ಮೊದಲ ಗಿಡದ ರೆಂಬೆಗೆ, ಅಲ್ಲಿಂದ ಎರಡನೆಯದಕ್ಕೆ, ಹೀಗೆ ಆರಕ್ಕೂ ದಾರ ಕಟ್ಟಿ ಚೀಟಿಗಳನ್ನು ತೂಗುಹಾಕಿದೆ. ಮೇಷ್ಟ್ರು ಬಂದರು, ಮೆಚ್ಚಿದರು, ಹೋದರು.

ಸಂಜೆಯೇ ದಾರ ಬಿಚ್ಚಿದೆ ಎಂದು ಈ ಬರಹದ ಮೊದಲ ಕರಡಿನಲ್ಲಿತ್ತು. ಎರಡನೆಯದರಲ್ಲಿ, ಬಿಚ್ಚುವಷ್ಟರಲ್ಲಿ ಮಳೆ ಬಂತು ಎಂದಾಯಿತು. ನೆನಪು ತನಗೆ ತಾನೇ ಎಷ್ಟು ಬೇಗ ಇಸ್ತ್ರಿ ಹಾಕಿಕೊಳ್ಳುತ್ತದೆ ನೋಡಿ. ಮಳೆ ಬಂದಿರಲಿಲ್ಲ. ನಾನು ಮರೆತೆ. ಮೂರು ವಾರ.

ಮತ್ತೆ ಹೋದಾಗ ಬೀರಮ್ಮ ಬೇಲಿಯ ಹತ್ತಿರವೇ ನಿಂತಿದ್ದರು.

“ಏನ್ ಕಟ್ಟೀರಿ ಸಾರೂ ಇದು?”

“ಹುಳದ ಹೆಸರಿನ ಚೀಟಿ, ಅಕ್ಕಾ.”

“ಚಲೋ ಆತು. ಓದಾಕ ಇರಿವಿ ಬಂದಾವ್ ನೋಡ್ರಿ.”

ದಾರದುದ್ದಕ್ಕೂ ಇರುವೆ ಸಾಲು. ಗೂಟದಿಂದ ರೆಂಬೆಗೆ, ರೆಂಬೆಯಿಂದ ರೆಂಬೆಗೆ. ಆಮೇಲೆ ಅವರು ಹೇಳಿದ್ದು ಇದು: ಬಿಳಿ ಹುಳು ಸಿಹಿ ಒಸರುತ್ತದೆ. ಅದನ್ನು ನೆಕ್ಕಲು ಇರುವೆ ಬರುತ್ತದೆ, ಬಂದದ್ದು ಕಾವಲು ನಿಲ್ಲುತ್ತದೆ, ಬಿಳಿ ಹುಳುವನ್ನು ತಿನ್ನಲು ಬಂದ ಬೇರೆ ಹುಳುಗಳನ್ನು ಓಡಿಸುತ್ತದೆ. ಇರುವೆ ಹತ್ತದಂತೆ ತಡೆಯುವುದಕ್ಕೇ ಎಣ್ಣೆಯಲ್ಲಿ ಅದ್ದಿದ ಉಣ್ಣೆ. ನೆಲ ಮುಟ್ಟುವ ರೆಂಬೆಗಳನ್ನೂ ಅವರು ಕಡಿದು ಹಾಕಿದ್ದರು. ದಾರಿಯೇ ಇರಲಿಲ್ಲ. ನಾನು ಹಾಕಿಕೊಟ್ಟೆ.

ಹಣ್ಣಿನ ಸಂದುಗಳಲ್ಲೆಲ್ಲ ಬಿಳಿ.

ಮಾಳಪ್ಪ ಬಂದರು. “ಬಿಳೇದು ಬಂತಂದ್ರ ಪಂಪು ಅಂದಿದ್ದೆ. ಬಂತು.”

“ಹುಳ ತಾವಾಗಿ ಬಂದಿಲ್ಲ, ಈ ಸಾರು ಕರಕೊಂಡು ಬಂದಾರ. ಎಂಟು ದಿನ ತಡೀರಿ.”

“ಎಂಟಂದ್ರ ಎಂಟು. ಒಂಬತ್ತಿಲ್ಲ.”

ನಾನು ದಾರ ಬಿಚ್ಚಿದೆ. ಬೀರಮ್ಮ ಉಣ್ಣೆಗೆ ಮತ್ತೆ ಎಣ್ಣೆ ಹಚ್ಚಿದರು. ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ನಾನು ಒಂದು ಬಿಳಿ ಹುಳುವನ್ನು ಹಿಸುಕಲು ಹೋದೆ. ಬೀರಮ್ಮನ ಏಟು ಕೈಗೆ ಬಿತ್ತು.

“ಎಲ್ಲಾ ಬಿಳೇವು ಕಳ್ಳರಲ್ರಿ! ಓಡಾಡೋದು ನಮ್ದು. ಕುಂತು ಕುಡಿಯೋದು ಅದು ಕಳ್ಳ.” ಹುಲ್ಲುಕಡ್ಡಿಯಿಂದ ತಿವಿದರು. ಒಂದು ಕೂತೇ ಇತ್ತು. ಪಕ್ಕದ್ದು, ಅಷ್ಟೇ ಬಿಳಿ, ಅಷ್ಟೇ ಜೂಲುಜೂಲು, ಸರಸರ ನಡೆಯಿತು.

ಮನೆಗೆ ಬಂದು ಫೋಟೊ ದೊಡ್ಡದು ಮಾಡಿ ಪುಸ್ತಕ ತೆರೆದೆ. ಕೂತದ್ದು ಹಿಟ್ಟು ತಿಗಣೆ. ನಡೆದದ್ದು ಗುಲಗಂಜಿ ಹುಳುವಿನ ಮರಿ, ಬೆಳೆದರೆ ದುಂಬಿ. ತಿನ್ನುವುದೂ ತಿನ್ನಿಸಿಕೊಳ್ಳುವುದೂ ಒಂದೇ ಬಿಳಿ ಮೇಣದ ಅಂಗಿ ತೊಟ್ಟಿವೆ. ಗಣವೇ ಬೇರೆ! ಹಳೆಯ ಫೋಟೊ ನೋಡಿ ಬರೆದ ನನ್ನ ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರಿತ್ತು. ಮೂವರು ಮೇಷ್ಟ್ರು ಅದನ್ನು ಬರೆದುಕೊಂಡು ಹೋಗಿದ್ದಾರೆ.

ಎಂಟನೆಯ ದಿನ ಬೆಳಿಗ್ಗೆ ಹೋದೆ. ಮಾಳಪ್ಪ ಮಂದು ಕಲಸಿ, ಪಂಪು ತುಂಬಿಸಿ, ಬೆನ್ನಿಗೇರಿಸಿ ನಿಂತಿದ್ದರು. ಮಾತೆಂದರೆ ಮಾತು. ಬೀರಮ್ಮ ಜಗಳಕ್ಕೆ ಹೋಗಲಿಲ್ಲ. ಒಂದು ರೆಂಬೆ ಬಗ್ಗಿಸಿ ಹಿಡಿದರು.

“ಹೊಡಿಯೋದು ಇದ್ದೇ ಐತಿ. ಒಂದ್ ಸಲ ಕಣ್ಣಿಟ್ಟು ನೋಡ್ರಿ.”

ಮಾಳಪ್ಪ ಬಗ್ಗಿದರು. ಓಡಾಡುವುದೊಂದು ಕೂತದ್ದೊಂದನ್ನು ಹಿಡಿದು ತಿನ್ನುತ್ತಿತ್ತು. ನೋಡುತ್ತ ನೋಡುತ್ತ ಪಂಪು ಕೆಳಗಿಳಿಸಿದರು, ಕುಕ್ಕರುಗಾಲಲ್ಲಿ ಕೂತರು. “ಅಬ್ಬಬ್ಬಾ, ಜೀವಂತ ತಿಂತೈತಲ್ಲೇ ಇದು!” ಆರೂ ಗಿಡ ಸುತ್ತಿ ಬಂದರು. ಬಿಳಿ ಪೂರ್ತಿ ಹೋಗಿರಲಿಲ್ಲ. ಅರ್ಧಕ್ಕೆ ಇಳಿದಿತ್ತು. ಇರುವೆ ಒಂದೂ ಇರಲಿಲ್ಲ. ಕೊನೆಯ ಗಿಡದ ಕೆಳಗೆ ಕುರಿಮರಿಗಳು ಎಲೆ ಮೂಸುತ್ತಿದ್ದವು. ಮಾಳಪ್ಪ ಅವುಗಳನ್ನು ನೋಡಿದರು.

“ಇರ್ಲಿ ಬಿಡು,” ಎಂದರು ಹೆಂಡತಿಗೆ.

ಆಮೇಲೆ ಪಂಪಿನ ಕಡೆ ತಿರುಗಿದರು. ಕಲಸಿದ ಮಂದನ್ನು ಮರಳಿ ಬಾಟಲಿಗೆ ಹಾಕಲಾಗುವುದಿಲ್ಲ. ಹೊಡೆಯೋಣವೆಂದರೆ ಈ ವರ್ಷ ಹತ್ತಿ ಹಾಕಿಲ್ಲ. ಹೊಲದ ಕೆಳಗೆ ಹಳ್ಳ, ಹಳ್ಳದಲ್ಲಿ ಕುರಿಗೆ ನೀರು. ಮೇಲೆ ಕಾಡು. ನಡುವೆ ಬೀರಮ್ಮನ ಗಿಡಗಳು.

“ಪುಸ್ತಕ ಓದ್ದವರು ನೀವು. ಇದನ್ನ ಎಲ್ಲಿ ಸುರೀಲಿ, ಹೇಳ್ರಿ ಸಾರೂ?”

ಹದಿನಾರು ಲೀಟರ್. ನೀವಾಗಿದ್ದರೆ ಎಲ್ಲಿ ಸುರಿಯುತ್ತಿದ್ದಿರಿ?