ಕುಸುಬಿ ಸಾಲಿನ ಪದವಿ

ನಿನ್ನೆ ಕಾಲೇಜಿನಲ್ಲಿ ಒಂದು ಅವಾಂತರ ಮಾಡಿಕೊಂಡೆ. ಮಟಕಿ ಊರಿನ ದೊಡ್ಡವ್ವ ಕಳಿಸಿದ ಕುಸುಬಿ ಎಣ್ಣೆಯ ಬಾಟಲಿ ಮೇಜಿನ ಮೇಲಿತ್ತು. ಮುಚ್ಚಳ ಸಡಿಲವಾಗಿದೆಯೆಂದು ತಿಳಿದದ್ದು ಅದು ಉರುಳಿದ ಮೇಲೆ. ಉರುಳಿದ್ದಾದರೂ ಎಲ್ಲಿ? ಅಫಜಲಪುರದ ಒಬ್ಬ ಹುಡುಗಿ ಆಗಷ್ಟೇ ನನ್ನ ಮುಂದಿಟ್ಟಿದ್ದ ಪ್ರವೇಶದ ಅರ್ಜಿಯ ಮೇಲೆ. ಕೋಣೆಯ ತುಂಬ ಗಾಣದ ವಾಸನೆ. ಒರೆಸುತ್ತಲೇ ಓದಿದೆ: ಇತಿಹಾಸ, ಕಂಪ್ಯೂಟರ್, ಸಂಗೀತ, ಪ್ರಾಣಿಶಾಸ್ತ್ರ, ಪತ್ರಿಕೋದ್ಯಮ. ಇವನ್ನೆಲ್ಲ ಸೇರಿಸಿ ಒಂದು ಪದವಿ ಬೇಕಂತೆ. ನನಗೆ ನಗು ತಡೆಯಲಾಗಲಿಲ್ಲ. ಆ ಹುಡುಗಿ ತನ್ನನ್ನೇ ನೋಡಿ ನಕ್ಕೆನೆಂದುಕೊಂಡಿರಬೇಕು, ಪಾಪ. ನಾನು ನಕ್ಕದ್ದು ಆ ಪಟ್ಟಿಯಲ್ಲಿ ಕೆಲವು ವರ್ಷದ ಹಿಂದಿನ ನನ್ನನ್ನೇ ಕಂಡು.

ನನ್ನ ಪಟ್ಟಿ ಇದಕ್ಕಿಂತ ಉದ್ದವಿತ್ತು. ಕನ್ನಡ, ಉರ್ದು, ಸಸ್ಯಶಾಸ್ತ್ರ, ಅರ್ಥಶಾಸ್ತ್ರ, ಮನಃಶಾಸ್ತ್ರ, ಸಂಗೀತ. ಬೇಕಾದ ವಿಷಯಗಳನ್ನು ಬೇಕಾದ ಹಾಗೆ ಸೇರಿಸಿಕೊಂಡು ಓದಬಹುದೆಂದು ನಮ್ಮ ಕಾಲೇಜಿನಲ್ಲಿ ಹೇಳಿದ್ದು ಅದೇ ಮೊದಲ ಸಲ. ಅದಕ್ಕೆ ಲಿಬರಲ್ ಆರ್ಟ್ಸ್ ಎಂದು ಹೆಸರು. ಮದುವೆ ಊಟದ ಪಂಕ್ತಿಯಲ್ಲಿ ಕೂತವಳಂತೆ ಎಲ್ಲವನ್ನೂ ಎಲೆಗೆ ಹಾಕಿಸಿಕೊಂಡೆ. ಜೇವರ್ಗಿಯ ಹೆದ್ದಾರಿ ಬದಿಯಲ್ಲಿ ಲಾರಿ ಟಾಯರ್ ರಿಪೇರಿ ಮಾಡುವ ಅಪ್ಪನಿಗೆ ಸಂಭ್ರಮದಿಂದ ಫೋನ್ ಮಾಡಿದೆ. ಆ ಕಡೆ ಯಾವುದೋ ಲಾರಿಯ ಹಾರ್ನ್ ಬೊಬ್ಬೆ ಹೊಡೆಯುತ್ತಿತ್ತು.

"ಏನಂದಿ? ಲೇಬರ್ ಆರ್ಟ್ಸ? ಲೇಬರ್ ಕೆಲಸ ಕಲಿಯಾಕ ಕಾಲೇಜ್ ಯಾಕ ಬೇ? ನನ್ನ ಅಂಗಡಿಗೇ ಬಾ, ಪರೀಕ್ಷೀನೂ ಇಲ್ಲ!"

ತಿದ್ದಿ ಹೇಳಿದೆ. ಕೇಳಿಸಿಕೊಂಡ ಮೇಲೂ ಅಪ್ಪ ಅದನ್ನು ಲೇಬರ್ ಆರ್ಟ್ಸ್ ಎಂದೇ ಕರೆದರು. ಇವತ್ತಿಗೂ ನಮ್ಮ ಬಳಗದಲ್ಲೆಲ್ಲ ಅದರ ಹೆಸರು ಅದೇ.

ಅಪ್ಪನಿಗಿಂತ ದೊಡ್ಡ ತೊಡಕು ವಿಭಾಗದ ಮುಖ್ಯಸ್ಥರದು. ಮೂಗಿನ ತುದಿಗೆ ಇಳಿದ ಕನ್ನಡಕದ ಮೇಲಿಂದ ಪಟ್ಟಿಯನ್ನೂ ನನ್ನನ್ನೂ ನೋಡಿದರು.

"ಇದೇನು ಪದವಿನೋ, ಸಂತಿನೋ? ಇವೆಲ್ಲಾ ಒಂದೇ ಕಡಿ ಯಾಕ ಇರಬೇಕು, ಸೋಮವಾರ ಬಂದು ಹೇಳು. ಹೇಳಿದ್ರ ಸೀಟು. ಇಲ್ಲಂದ್ರ ಬಿ.ಕಾಂ.ದಾಗ ಜಾಗ ಖಾಲಿ ಅದ."

ಲೆಕ್ಕದ ಪುಸ್ತಕ ಕಂಡರೆ ಜ್ವರ ಬರುವ ಜಾತಿ ನನ್ನದು. ನಿಜವಾಗಿ ಹೆದರಿದೆ. ಮೂರು ದಿನ ಏನೇನೋ ಬರೆದೆ, ಹರಿದೆ. ಭಾನುವಾರ ಬೆಳಿಗ್ಗೆ ಆಳಂದದ ಬಸ್ಸು ಹತ್ತಿ ಮಟಕಿಗೆ ಹೋದೆ. ಓದಿನ ವಿಷಯ ಕೇಳಲೆಂದಲ್ಲ. ಅಳಬೇಕೆನಿಸಿದಾಗ ನಾನು ಹೋಗುವ ಜಾಗ ಅದು. ಅಳುವ ಮೊದಲೇ ರೊಟ್ಟಿ ಬಂದುಬಿಡುತ್ತದೆ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಹೊಲ ಮನೆ ಎರಡನ್ನೂ ತಾನೇ ನೋಡಿಕೊಳ್ಳುವವಳು, ಶಾಲೆಯನ್ನು ಮಾತ್ರ ಹೊರಗಿನಿಂದ ನೋಡಿದವಳು. ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಪಡಸಾಲೆಯಲ್ಲಿ ಕೂತು ಬೀಜ ಹಸನು ಮಾಡುತ್ತಿದ್ದಳು. ಒಂದು ಮೊರದಲ್ಲಿ ಬಿಳಿಜೋಳ, ಇನ್ನೊಂದರಲ್ಲಿ ಕುಸುಬಿ. ನನ್ನ ಗೋಳು ಹೇಳುತ್ತ ಹೇಳುತ್ತ, ಕೈ ಸುಮ್ಮನಿರದೆ, ಕುಸುಬಿಯನ್ನು ಜೋಳದ ಮೊರಕ್ಕೆ ಸುರಿದು ಕಲಸತೊಡಗಿದೆ.

"ಏ ಹುಚ್ಚಿ! ಏನ್ ಮಾಡಾಕತ್ತೀದಿ?"

"ಎರಡೂ ಒಂದೇ ಹೊಲಕ್ಕ ತಾನೇ?"

"ಒಂದೇ ಹೊಲ, ಖರೆ. ಸಾಲು ಬ್ಯಾರೆ. ಜೋಳದ ಸಾಲಿನ ನಡುವ ಕುಸುಬಿ ಸಾಲು ಹಾಕಿದ್ರ ಅದಕ್ಕ ಅಕ್ಕಡಿ ಅಂತಾರ. ಹೀಂಗ ಎಲ್ಲಾ ಕೂಡಿಸಿ ಸುರದ್ರ ಅದು ಅಕ್ಕಡಿ ಅಲ್ಲ ಬೇ, ಕಲಬೆರಕಿ."

ಬೇರ್ಪಡಿಸಲು ಕೂರಿಸಿದಳು. ಒಂದೊಂದೇ ಕುಸುಬಿ ಕಾಳು ಆರಿಸುತ್ತ ಕೇಳಿದೆ, "ಜೋಳದಾಗ ಕುಸುಬಿ ಯಾಕ ಬೇಕು ದೊಡ್ಡವ್ವ?"

"ಅದಕ್ಕ ಮುಳ್ಳಿರ್ತಾವ. ದನ ಹೊಲಕ್ಕ ನುಗ್ಗಲ್ಲ, ಜೋಳ ಉಳೀತದ. ಮ್ಯಾಲ ಎಣ್ಣಿನೂ ಸಿಗ್ತದ. ಸುಮ್ಸುಮ್ನ ಯಾರು ಹಾಕ್ತಾರ?" ಆಮೇಲೆ ಮೊರ ಕೆಳಗಿಟ್ಟು ಕೇಳಿದಳು: "ನಿನ್ನ ಕಾಲೇಜಿನ ಹೊಲದಾಗ ಮುಖ್ಯ ಬೆಳಿ ಯಾವ್ದು?"

ಬೆರಳಿನಲ್ಲಿ ಪಟ್ಟಿ ಎಣಿಸಿದೆ. ಆರು ಬೆಳೆಯಲ್ಲಿ ಯಾವುದಕ್ಕೂ ಸಾಲು ಕೊಟ್ಟಿರಲಿಲ್ಲ. ಅಷ್ಟರಲ್ಲಿ ದೊಡ್ಡವ್ವ ಹೊರಗೆ ಹೋಗುತ್ತಿದ್ದ ಯಾರಿಗೋ ಕೂಗಿ ಹೇಳಿದಳು, "ದವಾಖಾನಿಗಿ ಹೋದ್ರ ಜಲ್ದಿ ಬರ್ರಿ, ಹೊಲದ ತಕರಾರಿನ ಅರ್ಜಿ ಕೊಡೋದದ!" ದವಾಖಾನೆ, ಜಲ್ದಿ, ತಕರಾರು, ಅರ್ಜಿ: ಒಂದೇ ಉಸಿರಿನಲ್ಲಿ ಅರ್ಧ ಉರ್ದು. ಅದು ಅವಳಿಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ನನ್ನ ಕೈಯ ಕಾಳು ಅಲ್ಲೇ ನಿಂತಿತು. ನನಗೆ ಓದಬೇಕಾದದ್ದು ಈ ಮಾತು. ಕನ್ನಡ ಜೋಳ, ಉರ್ದು ಅಕ್ಕಡಿ. ಸಸ್ಯಶಾಸ್ತ್ರವೂ ಇರಲಿ, ದೊಡ್ಡವ್ವನ ಮಾತಿನಲ್ಲಿ ಅರ್ಧ ಗಿಡಗಳೇ. ಉಳಿದವನ್ನು ಅಲ್ಲೇ ಕೈಬಿಟ್ಟೆ. ಮನಃಶಾಸ್ತ್ರ ಬಿಡುವಾಗ ಮಾತ್ರ ಮನಸ್ಸಿಗೆ ನೋವಾಯಿತು.

ಸೋಮವಾರ ಮುಖ್ಯಸ್ಥರೆದುರು ನಿಂತು ಜೋಳ, ಕುಸುಬಿ, ಮುಳ್ಳು, ದನ ಎಲ್ಲ ಒಪ್ಪಿಸಿದೆ. ಅವರ ಕನ್ನಡಕ ಮೂಗಿನಿಂದ ಇನ್ನೂ ಕೆಳಗೆ ಜಾರಿತು.

"ಎಷ್ಟು ಸಾಲು ಜೋಳಕ್ಕ ಒಂದು ಸಾಲು ಕುಸುಬಿ?"

ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಧೈರ್ಯ ಮಾಡಿ, "ಒಂದಕ್ಕೊಂದು ಸರ್" ಎಂದೆ.

"ಹಂಗಂದ್ರ ರೊಟ್ಟಿ ಬಿಟ್ಟು ವರ್ಷಪೂರ್ತಿ ಕುಸುಬಿ ಎಣ್ಣಿ ಕುಡೀತೀಯೇನು?" ಮೇಜು ಬಡಿದು ನಕ್ಕರು. ಅವರದೂ ಹೊಲದ ಮನೆತನವೇ. ತಾವೇ ಪೆನ್ನು ತೆಗೆದು ಕನ್ನಡಕ್ಕೆ ಹೆಚ್ಚು, ಉರ್ದುವಿಗೆ ಕಡಿಮೆ, ಸಸ್ಯಶಾಸ್ತ್ರಕ್ಕೆ ಇನ್ನೂ ಕಡಿಮೆ ತರಗತಿ ಬರೆದು ಸಹಿ ಹಾಕಿದರು. ಅಷ್ಟು ಖುಷಿ ನನಗೆ ಪದವಿ ಸಿಕ್ಕ ದಿನವೂ ಆಗಲಿಲ್ಲ.

ಈಗ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೊಸಬಳೆಂದು ಪ್ರವೇಶದ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಎಣ್ಣೆ ಒರೆಸಿ, ಕುರ್ಚಿಯಲ್ಲಿ ಸರಿಯಾಗಿ ಕೂತು, ಗತ್ತಿನಿಂದ ಅಫಜಲಪುರದ ಹುಡುಗಿಗೆ ಕೇಳಿದೆ: "ಇದರಾಗ ಮುಖ್ಯ ಬೆಳಿ ಯಾವ್ದು? ಅಕ್ಕಡಿ ಯಾವ್ದು?"

ಹುಡುಗಿ ಕಣ್ಣು ಪಿಳಿಪಿಳಿ ಮಾಡಿದಳು. "ನಮ್ಮ ಕಡಿ ಬರೀ ಕಬ್ಬು ರೀ ಮೇಡಂ. ಅಕ್ಕಡಿ ಅಂದ್ರ ಏನ್ರಿ?"

ಉತ್ಸಾಹದಿಂದ ಎಲ್ಲ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, "ನೀವು ಹೆಂಗ ಹಾಕ್ತೀರಿ? ಮೊದಲ ಜೋಳ ಬಿತ್ತಿ ಆಮ್ಯಾಲ ಕುಸುಬಿನೋ, ಎರಡೂ ಕೂಡೇನೋ?" ಎಂದಳು.

ನಾನು ಮತ್ತೆ ಮೇಜಿನ ಎಣ್ಣೆ ಒರೆಸತೊಡಗಿದೆ. ಕುಸುಬಿ ಸಾಲಿನ ಮೇಲೆ ಪದವಿ ಪಡೆದವಳು, ಅದರ ಮೇಲೆಯೇ ಅನ್ನ ತಿನ್ನುವವಳು, ಇಷ್ಟು ವರ್ಷದಲ್ಲಿ ಒಂದು ಸಾಲೂ ಬಿತ್ತಿಲ್ಲ. ನಾಚಿಕೆಯಾಯಿತು. ಅವಳೆದುರೇ ದೊಡ್ಡವ್ವನಿಗೆ ಫೋನ್ ಹಚ್ಚಿ, ಭಾನುವಾರ ನಾವಿಬ್ಬರೂ ಬಿತ್ತಲು ಬರಬಹುದೇ ಎಂದು ಕೇಳಿದೆ.

ಆ ಕಡೆಯಿಂದ ಮೊದಲು ನಗು ಬಂತು. ಆಮೇಲೆ ದೊಡ್ಡವ್ವ ಎಂದಳು, "ಅಂತೂ ಲೇಬರ್ ಆರ್ಟ್ಸ್ ಈಗ ಶುರು ಆತು ನೋಡು. ಬರ್ರಿ. ಬರೂವಾಗ ಆ ಎಣ್ಣಿ ಬಾಟ್ಲಿ ತಿರುಗಿ ತಾ, ತುಂಬಿ ಕೊಡ್ತೀನಿ."