ಮೈ ಒದರದ ಟಗರು

ನಮ್ಮ ಮನೆಯಲ್ಲಿ ಆ ಟಗರನ್ನು ಸಾಕಿದ್ದು ಕಡಿಯುವುದಕ್ಕೆಂದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮಾಲೂರು ಕಡೆಯವಳು, ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಆವನಿ ಹತ್ತಿರದ ಒಂದು ಸಣ್ಣ ಊರಿಗೆ ಸೊಸೆಯಾಗಿ ಬಂದೆ. ತವರಿನಲ್ಲೂ ಹಬ್ಬಕ್ಕೆ ಕುರಿ ಕಡಿಯುತ್ತಿದ್ದರು, ನಾನೂ ಎಲೆ ಮುಂದೆ ಕೂತು ಉಂಡವಳೇ. ಹಾಗಾಗಿ ದೊಡ್ಡ ದಯಾಮಯಿ ಎಂದು ಯಾರೂ ನನ್ನನ್ನು ಹೊಗಳಬೇಕಾಗಿಲ್ಲ.

ನನ್ನ ಮೊದಲ ಮಗ ಇನ್ನೂ ಕೂರಲು ಕಲಿಯುವ ಮೊದಲೇ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಮುಳಬಾಗಿಲಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಜೀವ ಉಳಿಯಿತು, ಆದರೆ ಕಾಲಿನಲ್ಲಿ ಕಸುವು ಬರಲಿಲ್ಲ. ವಾರಿಗೆಯ ಮಕ್ಕಳು ಬೀದಿ ತುಂಬ ಓಡಾಡುವಾಗ ಇವನು ಕೂರಿಸಿದ ಜಾಗದಲ್ಲೇ ಕೂತಿರುತ್ತಿದ್ದ. ನಮ್ಮತ್ತೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಊರಮ್ಮನಿಗೆ ಹರಕೆ ಹೊತ್ತರು. ಮೊಮ್ಮಗ ಎದ್ದು ನಿಂತು ನಡೆದರೆ ಒಂದು ಟಗರು ಕೊಡುತ್ತೇನೆ ಎಂದರು. ಅವತ್ತೇ ಹಟ್ಟಿಯಲ್ಲಿದ್ದ ಒಂದು ಗಂಡು ಮರಿಯ ಕಿವಿಯನ್ನು ತುದಿಯಲ್ಲಿ ಸೀಳಿ ಗುರುತು ಮಾಡಿದರು. ಸೀಳುಕಿವಿಯ ಕುರಿ ಅಮ್ಮನದು. ಅದನ್ನು ಮಾರುವಂತಿಲ್ಲ, ಅದರ ಬದಲಿಗೆ ಇನ್ನೊಂದನ್ನು ಕೊಡುವಂತಿಲ್ಲ.

ಆ ಮರಿಯ ತಾಯಿ ಸತ್ತಿತ್ತು. ಸೀಸೆಯಲ್ಲಿ ಹಾಲು ಕುಡಿಸಿದವಳು ನಾನು. ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪೆಲ್ಲ ಅದರ ಪಾಲು. ನಾನು ಹುಳುವಿನ ಮನೆಯಲ್ಲಿ ಕೆಲಸ ಮಾಡುವಾಗ ಮಗನನ್ನು ಬಾಗಿಲ ಬಳಿ ಕೂರಿಸುತ್ತಿದ್ದೆ, ಮರಿ ಬಂದು ಅವನ ಪಕ್ಕ ಮಲಗುತ್ತಿತ್ತು. ಹೀಗೇ ಒಂದು ದಿನ ಅವನು ಅದರ ತುಪ್ಪಟ ಹಿಡಿದು ಜಗ್ಗಿದ. ಅದು ಎದ್ದು ನಿಂತಿತು. ಅದರ ಜೊತೆಗೆ ಇವನೂ ಎದ್ದು ನಿಂತ! ನಾನು ಕೈಯಲ್ಲಿದ್ದ ಸೊಪ್ಪು ಚೆಲ್ಲಿ ಗೋಳೋ ಎಂದು ಅತ್ತುಬಿಟ್ಟೆ.

ಅಂದಿನಿಂದ ಅದೇ ಅವನಿಗೆ ಆಸರೆ. ಮರಿ ಬೆಳೆದು ಕೊಂಬು ಬಂದು ಟಗರಾಯಿತು, ಬೇರೆ ಯಾರಾದರೂ ಹತ್ತಿರ ಹೋದರೆ ಗುಮ್ಮಲು ಬರುತ್ತಿತ್ತು. ಆದರೆ ಇವನ ಕೈ ಮೈಮೇಲೆ ಬಿದ್ದರೆ ಸಾಕು, ನಿಂತಲ್ಲೇ ನಿಲ್ಲುತ್ತಿತ್ತು. ಕಣ್ಣಿಗೆ ನೊಣ ಮುತ್ತಿದರೂ ತಲೆ ಅಲ್ಲಾಡಿಸುತ್ತಿರಲಿಲ್ಲ. ಅಲ್ಲಾಡಿದರೆ ಮಗು ಬೀಳುತ್ತದೆ ಎಂಬುದು ಅದಕ್ಕೆ ಹೇಗೆ ತಿಳಿಯಿತೋ ಕಾಣೆ. ಅವನು ಹಿಡಿದುಕೊಂಡೇ ಹೆಜ್ಜೆ ಹಾಕಿದ, ಆಮೇಲೆ ಕೈ ಬಿಟ್ಟೂ ಹೆಜ್ಜೆ ಹಾಕಿದ. ಅವನು ಇಟ್ಟ ಒಂದೊಂದು ಹೆಜ್ಜೆಗೂ ಟಗರಿನ ಸಾವು ಹತ್ತಿರ ಬರುತ್ತಿತ್ತು. ಸಂತೋಷಪಡುವುದಕ್ಕೂ ನನಗೆ ಸಂಕಟವಾಗುತ್ತಿತ್ತು.

ಊರಮ್ಮನ ಹಬ್ಬದ ದಿನ ಗೊತ್ತಾದಾಗ, ಟಗರನ್ನು ಉಳಿಸಿಕೊಳ್ಳೋಣವೇ ಎಂದು ಯಜಮಾನರ ಹತ್ತಿರ ಬಾಯಿ ಬಿಟ್ಟೆ.

“ಮಗ ಬೇಕಾ, ಕುರಿ ಬೇಕಾ ನಿಂಗೆ?” ಎಂದರು.

ಮಗನೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಪ್ರಶ್ನೆ ಕೇಳುವ ಬಾಯಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹಬ್ಬದ ದಿನ ಟಗರಿಗೆ ಬೇವಿನ ಸೊಪ್ಪಿನ ಹಾರ ಹಾಕಿ ಗುಡಿಯ ಮುಂದೆ ನಿಲ್ಲಿಸಿದರು. ನಮ್ಮಲ್ಲಿ ಸುಮ್ಮನೆ ಕಡಿಯುವುದಿಲ್ಲ, ಮೊದಲು ಅಮ್ಮನ ಒಪ್ಪಿಗೆ ಕೇಳಬೇಕು. ತಲೆಗೂ ಬೆನ್ನಿಗೂ ಅರಿಶಿನದ ನೀರು ಹಾಕುತ್ತಾರೆ. ಕುರಿ ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ. ತಣ್ಣೀರು ಬಿದ್ದರೆ ಯಾವ ಕುರಿ ಒದರುವುದಿಲ್ಲ? ಸಾಮಾನ್ಯವಾಗಿ ಚೆಂಬು ಕೆಳಗಿಳಿಸುವ ಮೊದಲೇ ಒಪ್ಪಿಗೆ ಸಿಕ್ಕಿಬಿಡುತ್ತದೆ.

ಪೂಜಾರಿ ನೀರು ಹಾಕಿದರು. ಟಗರು ಅಲ್ಲಾಡಲಿಲ್ಲ. ಇನ್ನೊಮ್ಮೆ ಹಾಕಿದರು. ನೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ಅದು ಕಲ್ಲಿನ ಹಾಗೆ ನಿಂತಿತ್ತು. ನಮ್ಮತ್ತೆ ಮನೆಯಲ್ಲಿ ಕನ್ನಡ ಆಡಿದರೂ ಅಮ್ಮನ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದರು. “ಒಪ್ಪುಕೋ ತಲ್ಲೀ, ಒಪ್ಪುಕೋ” ಎಂದು ಸೆರಗೊಡ್ಡಿ ಬೇಡಿದರು.

ಟಗರಿನ ಪಕ್ಕದಲ್ಲೇ ನಿಂತಿದ್ದ ನಾನು ಆಗ ಕೆಳಗೆ ನೋಡಿದೆ. ನನ್ನ ಸೊಂಟದಿಂದ ಯಾವಾಗಲೋ ಇಳಿದಿದ್ದ ಮಗ ಸೀರೆಯ ಮರೆಯಲ್ಲಿ ನಿಂತು ಟಗರಿನ ಹೊಟ್ಟೆಯ ತುಪ್ಪಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಜನರ ಕಣ್ಣೆಲ್ಲ ಟಗರಿನ ತಲೆಯ ಮೇಲೆ. ಇವನನ್ನು ಎತ್ತಿಕೊಂಡರೆ ಮುಗಿಯಿತು, ಅದು ಒದರುತ್ತದೆ, ಕತ್ತಿ ಬೀಳುತ್ತದೆ. ಎತ್ತಿಕೊಳ್ಳದಿದ್ದರೆ ಹರಕೆ ತಪ್ಪಿ ನನ್ನ ಮಗನಿಗೇ ಏನಾದರೂ ಆದರೆ? ನಾನು ಸೆರಗನ್ನು ಇನ್ನಷ್ಟು ಹರಡಿ ನಿಂತೆ.

ಮೂರನೆಯ ಸಲವೂ ಟಗರು ಒದರಲಿಲ್ಲ. ಮೂರಕ್ಕಿಂತ ಹೆಚ್ಚು ಕೇಳಬಾರದು. “ಈ ವರ್ಷ ಬ್ಯಾಡ ಅಂತವ್ಳೆ ಅಮ್ಮ. ಮುಂದಿನ ವರ್ಷ ಹಿಡ್ಕೊಂಡ್ ಬನ್ನಿ” ಎಂದು ಪೂಜಾರಿ ಬೂದುಗುಂಬಳಕಾಯಿ ಒಡೆಸಿದರು. ಬಾಡೂಟಕ್ಕೆಂದು ಬಂದಿದ್ದ ನೆಂಟರು ಮುದ್ದೆಗೆ ಹುರುಳಿಕಾಳಿನ ಸಾರು ಕಲಸಿಕೊಂಡು ಮುಖ ಊದಿಸಿಕೊಂಡು ಹೋದರು. ನಮ್ಮತ್ತೆ ಮಾತ್ರ ಅನ್ನ ಮುಟ್ಟಲಿಲ್ಲ. ಯಾವ ಜನ್ಮದ ಪಾಪಕ್ಕೆ ಅಮ್ಮ ಮುಖ ತಿರುಗಿಸಿದಳೋ ಎಂದು ಗೋಡೆಗೆ ಒರಗಿ ಕೂತರು. ಅವರನ್ನು ನೋಡಲು ನನಗೆ ಕಷ್ಟವಾಯಿತು, ಆದರೂ ಮಗ ಹಿಡಿದುಕೊಂಡಿದ್ದ ವಿಷಯ ಹೇಳಲಿಲ್ಲ.

ಅಮ್ಮ ಬೇಡವೆಂದ ಟಗರಿನ ಮೇಲೆ ಊರ ಪಡ್ಡೆಗಳ ಕಣ್ಣು ಬಿತ್ತು. “ಅಮ್ಮ ಬ್ಯಾಡ ಅಂದ್ರೆ ನಾವ್ ಬ್ಯಾಡ ಅಂದ್ವಾ?” ಎಂದು ಅರಳಿಕಟ್ಟೆಯಲ್ಲಿ ನಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅತ್ತೆಗೂ ಗಾಬರಿಯಾಯಿತು. ಅಮ್ಮನ ಸೊತ್ತನ್ನು ಇವರು ತಿಂದರೆ ಶಾಪ ತಟ್ಟುವುದು ನಮ್ಮ ಮನೆಗೆ. ಮುಂದಿನ ಹಬ್ಬದವರೆಗೆ ಎಲ್ಲಾದರೂ ದೂರ ಇಟ್ಟರೆ ಸಾಕು ಎಂದರು. ಎಲ್ಲಿ ಎಂಬುದು ನನಗೆ ಹೊಳೆಯಿತು.

ನಮ್ಮ ಹೊಲದ ಅಂಚಿನ ಮಾವಿನ ಮರಗಳ ಫಸಲನ್ನು ವರ್ಷವೂ ಒಬ್ಬ ಸಾಬರು ಗುತ್ತಿಗೆ ಹಿಡಿಯುತ್ತಿದ್ದರು. ವಯಸ್ಸಾದವರು, ಶ್ರೀನಿವಾಸಪುರದ ಹೊರಗೆ ಸ್ವಂತ ತೋಪು, ಅದರಲ್ಲೇ ಮನೆ. ಆ ಸಲ ಅವರು ಕಾಯಿ ಕೀಳಿಸಲು ಬಂದಾಗ ಕೇಳಿದೆ.

“ಸಾಬ್ರೆ, ಈ ಟಗರನ್ನ ನಿಮ್ಮ ತೋಪಲ್ಲಿ ಇಟ್ಕೋತೀರಾ?”

“ಮಾರ್ತೀರೇನಮ್ಮ?”

“ಮಾರಲ್ಲ. ಸಾಕ್ಬೇಕು. ಕಡೀಬಾರ್ದು.”

ಅವರು ಬಗ್ಗಿ ಟಗರಿನ ಕಿವಿ ಮುಟ್ಟಿ ನೋಡಿದರು. “ಸೀಳಿದ್ದಾರೆ. ನಿಮ್ಮ ಅಮ್ಮನಿಗೆ ಬಿಟ್ಟಿದ್ದಾ?”

ಹೌದೆಂದೆ.

“ಹಂಗಾದ್ರೆ ಭಯ ಬಿಡು ಬೇಟಿ. ಬೇರೆ ದೇವ್ರ ಹೆಸರಿಗೆ ಬಿಟ್ಟಿದ್ದು ನಮಗೆ ಹರಾಮು. ನಮ್ಮ ಮನೇಲಿ ಯಾರೂ ಇದಕ್ಕೆ ಚಾಕು ಹಚ್ಚಲ್ಲ.”

ಕಡಿಯಲೇಬೇಕೆಂದು ನಮ್ಮವರಿಗೆ ಹೇಳುತ್ತಿದ್ದ ಆ ಸೀಳುಕಿವಿಯೇ ಅವರಿಗೆ ಕಡಿಯಬೇಡಿ ಎಂದು ಹೇಳಿತು. ಮಾವಿನಕಾಯಿ ತುಂಬಿದ ಗಾಡಿಯ ಹಿಂದೆ ಕಟ್ಟಿಸಿಕೊಂಡು ಟಗರು ಹೊರಟಿತು. ಗಾಡಿ ತಿರುಗುವವರೆಗೂ ನನ್ನ ಮಗ ಕೈ ಚಾಚಿ ಅಳುತ್ತಿದ್ದ.

ಶ್ರಾವಣದಲ್ಲಿ ಅವನಿಗೆ ಮತ್ತೆ ಜ್ವರ ಬಂತು. ಈ ಸಲ ಫಿಟ್ಸ್ ಬರಲಿಲ್ಲ, ಜ್ವರವೂ ಇಳಿಯಿತು, ಆದರೆ ನೆಲಕ್ಕೆ ಬಿಟ್ಟರೆ ಕಾಲು ಮಡಚಿಕೊಂಡು ಕೂತುಬಿಡುತ್ತಿದ್ದ. ಅತ್ತೆ ನನ್ನ ಮುಖ ನೋಡಲಿಲ್ಲ. ಒಂದು ಬೆಳಿಗ್ಗೆ ತಾಮ್ರದ ಚೆಂಬು, ಅರಿಶಿನ, ಬೇವಿನ ಸೊಪ್ಪು ಚೀಲಕ್ಕೆ ಹಾಕಿಕೊಂಡು, “ಅಮ್ಮ ಕೊಟ್ಟಿದ್ದನ್ನ ವಾಪಸ್ ಕಿತ್ಕೋತಾವ್ಳೆ. ತೋಪಲ್ಲೇ ನೀರ್ ಹಾಕಿ ಕೇಳ್ತೀನಿ. ಒಪ್ಕೊಂಡ್ರೆ ಹಿಡ್ಕೊಂಡ್ ಬರಾಣ, ನಡಿ” ಎಂದರು. ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನ ಕಾಲುಗಳನ್ನು ನೀವುತ್ತಿದ್ದೆ. ಈ ಸಲ ಅತ್ತೆ ಹೇಳಿದಂತೆ ಕೇಳುತ್ತೇನೆ ಎಂದು ನಿಶ್ಚಯಿಸಿದ್ದೆ. ನನ್ನ ಧೈರ್ಯವೆಲ್ಲ ಅಷ್ಟರಲ್ಲಿ ಮುಗಿದಿತ್ತು.

ತೋಪಿನಲ್ಲಿ ಮಾವು ಮುಗಿದು ಹುಲ್ಲು ಮೊಳಕಾಲುದ್ದ ಬೆಳೆದಿತ್ತು. ಟಗರು ನಮ್ಮನ್ನು ಕಂಡು ದಡದಡನೆ ಬಂತು. ಮಗನನ್ನು ಕೆಳಗಿಳಿಸಿದೆ. ಅವನು ತುಪ್ಪಟಕ್ಕೆ ಕೈ ಹಾಕಿ, ಹಲ್ಲು ಕಚ್ಚಿ, ನಡುಗುತ್ತ ಎದ್ದು ನಿಂತ. ಟಗರು ಕದಲಲಿಲ್ಲ. ಅತ್ತೆ ಆಗಲೇ ಬಾವಿಯ ನೀರಿಗೆ ಅರಿಶಿನ ಕಲಸಿ ತಂದು, ಕಣ್ಣು ಮುಚ್ಚಿ, “ತಲ್ಲೀ” ಎಂದು ಅದರ ಬೆನ್ನಿಗೆ ಸುರಿದರು. ಕಣ್ಣು ತೆರೆದಾಗ ಅದು ಹಾಗೇ ನಿಂತಿತ್ತು. ಅವರು ಟಗರನ್ನು ನೋಡಿದರು, ಮೊಮ್ಮಗನ ಕೈ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಅವತ್ತೂ ಹಿಂಗೇ ಹಿಡ್ಕೊಂಡಿದ್ನಾ?”

“ಹೂಂ ಅತ್ತೆ.”

“ನಿಂಗೊತ್ತಿತ್ತಾ?”

“ಗೊತ್ತಿತ್ತು.”

ಅವರು ಮತ್ತೆ ಮೊಮ್ಮಗನತ್ತ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಮಗ ಆ ಕಡೆ ಕಂಡ ಕೋಳಿಯ ಆಸೆಗೆ ಕೈ ಬಿಟ್ಟು, ಹುಲ್ಲಿನಲ್ಲಿ ತೊಡರುತ್ತ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಹಾಕಿಕೊಂಡು ಹೊರಟ. ಅವನ ಕೈ ಬಿಟ್ಟದ್ದೇ ತಡ, ಟಗರು ಕೊಂಬಿನಿಂದ ಬಾಲದವರೆಗೆ ಮೈಯನ್ನೆಲ್ಲ ಒದರಿತು. ಅರಿಶಿನದ ನೀರು ನಮ್ಮಿಬ್ಬರ ಮುಖಕ್ಕೂ ಸೀರೆಗೂ ಸಿಡಿಯಿತು.

ಅಷ್ಟು ಸ್ಪಷ್ಟವಾದ ಒಪ್ಪಿಗೆಯನ್ನು ನಾನು ಯಾವ ಹಬ್ಬದಲ್ಲೂ ಕಂಡಿರಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನಡೆದು ಹೋಗುತ್ತಿದ್ದ ಮೊಮ್ಮಗನನ್ನೇ ನೋಡುತ್ತ, ಚೆಂಬಿನಲ್ಲಿ ಉಳಿದಿದ್ದ ನೀರನ್ನು ಮಾವಿನ ಬುಡಕ್ಕೆ ಚೆಲ್ಲಿದರು.

“ನೊಣ ಕಣೇ,” ಎಂದರು. “ನೊಣ ಕೂತಿತ್ತು, ಅದಕ್ಕೆ ಒದರ್ತು. ಮಗೂನ ಎತ್ಕೊ, ಬಸ್ ಹೋಗ್ಬಿಡುತ್ತೆ.”